ಕೋರ್ಟಿನಲ್ಲಿ ಕಾಲು ಅಂದರೆ ಎಷ್ಟು?

ನಮ್ಮ ಬೀದಿಯ ಗಾರೆ ಮೇಸ್ತ್ರಿಯ ಎಂವಿಸಿ ಕೇಸಿನ, ಅಂದರೆ ವಾಹನ ಅಪಘಾತದ ಪರಿಹಾರದ ಕೇಸಿನ, ತೀರ್ಪು ಬಂತು. ಲಾರಿ ಗುದ್ದಿ ಬಲಗಾಲು ಮುರಿದಿತ್ತು, ಒಳಗೆ ರಾಡ್ ಇದೆ. ಡಾಕ್ಟರು ಕಾಲಿಗೆ 45 ಪರ್ಸೆಂಟ್ ಊನ ಎಂದು ಬರೆದುಕೊಟ್ಟರು. ಕೋರ್ಟು ಮಾಮೂಲಿನಂತೆ ಅದನ್ನು ಮೂರರಿಂದ ಭಾಗಿಸಿ, ಇಡೀ ದೇಹಕ್ಕೆ 15 ಎಂದಿತು.

ಏನು ಉದಾರತೆ! ನಮ್ಮ ಮೇಷ್ಟ್ರು ಕಾಲು, ಅರೆ, ಮುಕ್ಕಾಲಿನ ಮಗ್ಗಿ ಉರು ಹೊಡೆಸಿದ್ದರು. ಅಲ್ಲಿ ಕಾಲು ಅಂದರೆ ನಾಲ್ಕನೇ ಒಂದು. ಕೋರ್ಟಿನಲ್ಲಿ ಮೂರನೇ ಒಂದು. ಎರಡು ಕೈಗೂ ಇದೇ ಲೆಕ್ಕ ಹಿಡಿದರೆ ಮನುಷ್ಯ ಒಂದೂಕಾಲಿಗಿಂತ ಜಾಸ್ತಿಯೇ ಆಗುತ್ತಾನೆ. ತಲೆ, ಹೊಟ್ಟೆ ಫ್ರೀ. ಹೊಟ್ಟೆಯನ್ನು ಲೆಕ್ಕಕ್ಕೆ ಹಿಡಿಯದಿರುವುದೇ ಒಳ್ಳೆಯದು ಬಿಡಿ, ಅದು ದಿನಾ ಕೇಳುತ್ತದೆ.

ಹದಿನೈದು ಹೋದರೆ ಉಳಿದದ್ದು ಎಂಬತ್ತೈದು. ಅಂದರೆ ಮೇಸ್ತ್ರಿ ಏಣಿಯ ಹತ್ತು ಮೆಟ್ಟಿಲಲ್ಲಿ ಎಂಟೂವರೆ ಹತ್ತಬಹುದು. ಮಿಕ್ಕ ಒಂದೂವರೆ ಮೆಟ್ಟಿಲಿಗೆ ದುಡ್ಡು.

ಎಷ್ಟು ದುಡ್ಡು? ದಿನಕ್ಕೆ ಸಾವಿರ ದುಡಿಯುತ್ತಿದ್ದ. ಆದರೆ ಸಂಬಳದ ಚೀಟಿ ಇಲ್ಲವಲ್ಲ, ತಿಂಗಳಿಗೆ 12,000 ಎಂದು ಅಂದಾಜು ಹಾಕಿದರು. ವಯಸ್ಸು 38, ಸುಪ್ರೀಂ ಕೋರ್ಟಿನ 2009ರ ಪಟ್ಟಿಯಂತೆ ಆ ವಯಸ್ಸಿಗೆ ವರ್ಷದ ದುಡಿಮೆಯನ್ನು 15ರಿಂದ ಗುಣಿಸಬೇಕು. ಒಟ್ಟು 21,60,000. ಅದರಲ್ಲಿ ಹದಿನೈದು ಪರ್ಸೆಂಟ್, 3,24,000.

ಲಾರಿಯವನು ನಿಲ್ಲಿಸದೆ ಓಡಿಹೋಗಿ ಸಿಗದಿದ್ದರೆ 50,000 ಮಾತ್ರ. 2022ಕ್ಕೆ ಮುಂಚೆ ಅದೂ 12,500. ನಿಂತನಲ್ಲ, ಪುಣ್ಯಾತ್ಮ.

ಇನ್ಶೂರೆನ್ಸ್ ವಕೀಲರು ಕಟಕಟೆಯಲ್ಲಿ ಕೇಳಿದರಂತೆ, "ಕೂತು ಮಾಡುವ ಕೆಲಸ ಮಾಡಬಹುದು ಅಲ್ವಾ?" ಗೋಡೆಯನ್ನು ಕೂತು ಎಷ್ಟು ಎತ್ತರ ಕಟ್ಟಬಹುದು ಸ್ವಾಮಿ?

ಊನ ಎಷ್ಟು ಅಂತ ನೋಡಿದರೆ ಸಾಲದು, ಅದರಿಂದ ಅವನ ದುಡಿಮೆ ಎಷ್ಟು ಹೋಯಿತು ನೋಡಿ ಎಂದು ಸುಪ್ರೀಂ ಕೋರ್ಟು 2010ರಲ್ಲೇ ಹೇಳಿದೆ. ಎಡಗೈ ಹೋದ ಗುಮಾಸ್ತ ಕೆಲಸದಲ್ಲಿ ಉಳಿಯಬಹುದು, ಬಡಗಿಗೆ ನೂರಕ್ಕೆ ನೂರು ಹೋದ ಹಾಗೆ ಅಂತ ಬಿಡಿಸಿಯೇ ಹೇಳಿದೆ. ಆದರೂ ಮೂರರಿಂದ ಭಾಗಿಸುತ್ತಾರೆ. ಸಾರವೆ ಹತ್ತಲಾರದ ಗಾರೆಯವನಿಗೆ ಉಳಿದ ಎಂಬತ್ತೈದು ಎಲ್ಲಿದೆ? ಎರಡು ವರ್ಷ ಊರುಗೋಲು ಹಿಡಿದು ಕೋರ್ಟಿನ ಮೆಟ್ಟಿಲು ಹತ್ತಿದ್ದನ್ನು ಎಲ್ಲರೂ ನೋಡಿದ್ದಾರೆ.

ಮೇಸ್ತ್ರಿ ಕಡೆಯವರು ಹೈಕೋರ್ಟಿಗೆ ಅಪೀಲು ಹಾಕುತ್ತಾರಂತೆ. ಸದ್ಯಕ್ಕೆ ತಾನೇ ಕಟ್ಟಿದ ಅಪಾರ್ಟ್‌ಮೆಂಟಿನಲ್ಲಿ ಮೇಸ್ತ್ರಿ ರಾತ್ರಿ ವಾಚ್‌ಮನ್. ಒಂದು ಪ್ಲಾಸ್ಟಿಕ್ ಕುರ್ಚಿ ಕೊಟ್ಟಿದ್ದಾರೆ.

"ಯಾರಿಗೂ ಹೇಳ್ಬೇಡಿ ಸಾರ್," ಅಂದ. "ಕೂತು ಮಾಡೋ ಕೆಲಸ ಸಿಕ್ತಲ್ಲ ಅಂತಾರೆ."