ಅವಕಾಶವಾದಿ ಯಾರು ಸ್ವಾಮಿ?

ವೈದ್ಯಕೀಯ ಪುಸ್ತಕಗಳಲ್ಲಿ ಕೆಲವು ಬ್ಯಾಕ್ಟೀರಿಯಾಗಳಿಗೆ ‘ಅವಕಾಶವಾದಿ’ ಎಂಬ ಬಿರುದು ದಯಪಾಲಿಸಲಾಗಿದೆ. ಮಣ್ಣಿನಲ್ಲಿ, ನೀರಿನಲ್ಲಿ, ಗಿಡದ ಬೇರಿನ ಸುತ್ತ ತಮ್ಮ ಪಾಡಿಗೆ ತಾವಿರುವ, ಗಟ್ಟಿಮುಟ್ಟಾದ ಮನುಷ್ಯನ ತಂಟೆಗೆ ಸಾಮಾನ್ಯವಾಗಿ ಬಾರದ ಈ ಜೀವಿಗಳು, ರಕ್ತನಾಳಕ್ಕೆ ಕೊಳವೆ ತೂರಿಸಿಕೊಂಡು, ವೆಂಟಿಲೇಟರ್ ಹಾಕಿಸಿಕೊಂಡು, ರೋಗನಿರೋಧಕ ಶಕ್ತಿ ಕುಂದಿ ಮಲಗಿದವನನ್ನು ಕಂಡಾಗ ಮಾತ್ರ ಒಳನುಗ್ಗುತ್ತವೆ ಎಂಬುದು ಆರೋಪ. ಆರೋಪವೇನೋ ನಿಜ. ಆದರೆ ಅವಕಾಶ ಒದಗಿಸಿಕೊಟ್ಟವರ ಹೆಸರು ಆರೋಪಪಟ್ಟಿಯಲ್ಲಿ ಎಲ್ಲಿಯೂ ಇಲ್ಲದಿರುವುದನ್ನು ನೋಡಿದರೆ, ಪಟ್ಟಿಯನ್ನು ಬರೆದವರೂ ಅವರೇ ಇರಬೇಕೆಂಬ ಗುಮಾನಿ ಬರುತ್ತದೆ.

ಬರ್ಖೋಲ್ಡೇರಿಯಾ ಸೆಪೇಸಿಯಾದ ಪೂರ್ವಾಶ್ರಮವನ್ನೇ ನೋಡಿ. 1950ರಲ್ಲಿ ವಾಲ್ಟರ್ ಬರ್ಖೋಲ್ಡರ್ ಎಂಬ ಸಸ್ಯರೋಗ ವಿಜ್ಞಾನಿ ಇದನ್ನು ವರ್ಣಿಸಿದ್ದು ಈರುಳ್ಳಿ ಕೊಳೆಸುವ ಬ್ಯಾಕ್ಟೀರಿಯಾ ಎಂದು. ಅಂತಹ ಬಡಪಾಯಿ ಆಸ್ಪತ್ರೆ ಸೇರಿದ ಮೇಲೆ ಎಷ್ಟು ಏಳಿಗೆ ಕಂಡಿತೆಂದರೆ, ಕ್ರಿಮಿಗಳನ್ನು ಕೊಲ್ಲಲೆಂದೇ ತಯಾರಿಸಿದ ಬೆಂಜಾಲ್ಕೋನಿಯಂ ಕ್ಲೋರೈಡ್ ದ್ರಾವಣದ ಬಾಟಲಿಯೊಳಗೇ ಸಂಸಾರ ಹೂಡಿ, ಅದನ್ನು ಒರೆಸಿದ ಚರ್ಮದ ಮೂಲಕ ರಕ್ತ ಸೇರಿದ ಪ್ರಸಂಗಗಳು ದಾಖಲಾಗಿವೆ. ಬೇಲಿ ಹೊಲ ಮೇಯ್ದ ಕಥೆ ನಮಗೆ ಗೊತ್ತಿತ್ತು. ಇಲ್ಲಿ ಬೇಲಿಯ ಮೇಲೆ ‘ರೋಗಾಣುನಾಶಕ’ ಎಂಬ ಚೀಟಿಯೂ ಅಂಟಿತ್ತು. ಇದರ ಕೆಲವು ತಳಿಗಳಂತೂ ಪೆನಿಸಿಲಿನ್ ಒಂದನ್ನೇ ಇಂಗಾಲದ ಮೂಲವಾಗಿಸಿಕೊಂಡು ಬೆಳೆಯಬಲ್ಲವು. ವಿಷವಿಕ್ಕಿದವರು ಬಾಗಿಲ ಹೊರಗೆ ಕಾಯುತ್ತಿದ್ದರೆ, ಒಳಗಿನವರು ಎರಡನೆಯ ಸಲ ಬಡಿಸಿಕೊಳ್ಳುತ್ತಿರುತ್ತಾರೆ.

ಸ್ಟೆನೊಟ್ರೊಫೊಮೊನಾಸ್ ಮಾಲ್ಟೊಫಿಲಿಯಾ ಇನ್ನೂ ಮರ್ಯಾದಸ್ಥ ಜೀವಿ. ಕಾರ್ಬಪೆನೆಮ್ ಎಂಬ ಗುಂಪಿನ ಪ್ರಬಲ ಆ್ಯಂಟಿಬಯಾಟಿಕ್‌ಗಳನ್ನು ಒಡೆದುಹಾಕುವ ಕಿಣ್ವ ಅದಕ್ಕೆ ಪಿತ್ರಾರ್ಜಿತ ಆಸ್ತಿ. ಯಾರ ಬಳಿಯೂ ಕೈಯೊಡ್ಡಿ ಪಡೆದದ್ದಲ್ಲ. ಜ್ವರ ಇಳಿಯಲಿಲ್ಲವೆಂದು, ಜ್ವರ ಯಾವುದರಿಂದ ಬಂದಿದೆಯೆಂದು ತಿಳಿಯುವ ಗೋಜಿಗೂ ಹೋಗದೆ, ದಿನಗಟ್ಟಲೆ ಅದೇ ಗುಂಪಿನ ಮೆರೊಪೆನೆಮ್ ಏರಿಸಿ, ಈ ಬ್ಯಾಕ್ಟೀರಿಯಾದ ಎದುರಾಳಿಗಳನ್ನೆಲ್ಲ ನಾವೇ ಕೊಂದು ಕಣವನ್ನು ಗುಡಿಸಿ ಸಾರಿಸಿ ಕೊಟ್ಟ ಮೇಲೆ ಅದು ಅವಿರೋಧವಾಗಿ ಆಯ್ಕೆಯಾಗುತ್ತದೆ. ಆಗ ಕೋಟ್ರಿಮಾಕ್ಸಜೋಲ್ ಎಂಬ, ದಶಕಗಳಿಂದ ಮೂಲೆಯಲ್ಲಿ ಕುಳಿತಿದ್ದ ಅಗ್ಗದ ಔಷಧದ ನೆನಪಾಗುತ್ತದೆ. ಕಡಿಮೆ ಪ್ರಮಾಣದ ಪೆನಿಸಿಲಿನ್ ಸೂಕ್ಷ್ಮಜೀವಿಗಳನ್ನು ಔಷಧ ತಾಳಿಕೊಳ್ಳುವಂತೆ ಪಳಗಿಸುತ್ತದೆ ಎಂದು ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಉಪನ್ಯಾಸದಲ್ಲೇ ಎಚ್ಚರಿಸಿದ್ದರು. ನಾವು ಚಪ್ಪಾಳೆ ತಟ್ಟಿ ಎದ್ದುಬಂದು, ವೈರಸ್‌ನಿಂದ ಬರುವ ನೆಗಡಿಗೂ ಆ್ಯಂಟಿಬಯಾಟಿಕ್ ನುಂಗಿದೆವು.

ಇನ್ನು ಈ ಜೀವಿಗಳ ವಾಸಸ್ಥಳ. ತೀವ್ರ ನಿಗಾ ಘಟಕದ ಕೈತೊಳೆಯುವ ಸಿಂಕಿನ ಕೆಳಗೆ ಒಂದು ಬಾಗಿದ ಕೊಳವೆಯಿದೆ. ಅದರಲ್ಲಿ ಸದಾ ನೀರು ನಿಂತಿರುತ್ತದೆ, ನೀರಿನ ಸುತ್ತ ಲೋಳೆ ಕಟ್ಟಿರುತ್ತದೆ. ಮೇಲಿನಿಂದ ಆಹಾರ ಬೀಳುತ್ತಿದ್ದರೆ ಬ್ಯಾಕ್ಟೀರಿಯಾ ತುಂಬಿದ ಆ ಲೋಳೆ ದಿನಕ್ಕೆ ಸುಮಾರು 2.5 ಸೆಂಟಿಮೀಟರ್‌ನಂತೆ ಕೊಳವೆಯ ಗೋಡೆ ಹಿಡಿದು ಮೇಲೇರುವುದನ್ನು ಪ್ರಯೋಗಗಳಲ್ಲಿ ಅಳೆದಿದ್ದಾರೆ. ಜಾಲರಿಯವರೆಗೆ ಬಂದರೆ ಸಾಕು, ಅದರ ಮೇಲೆಯೇ ಬೀಳುವ ನಲ್ಲಿಯ ನೀರು ಅದನ್ನು ಸಿಡಿಸಿ, ಆಗಷ್ಟೇ ತೊಳೆದ ಕೈಗೂ ಪಕ್ಕದ ಔಷಧದ ಟ್ರೇಗೂ ಸಮನಾಗಿ ಹಂಚುತ್ತದೆ. ಗೋಡೆಯ ಮೇಲೆ ‘ನಿಮ್ಮ ಕೈ ತೊಳೆಯಿರಿ’ ಎಂಬ ಫಲಕ ನಗುತ್ತಿರುತ್ತದೆ.

ಇಂತಹ ಸೋಂಕು ಎರಡು ಮೂರು ಹಾಸಿಗೆಗಳಲ್ಲಿ ಕಾಣಿಸಿಕೊಂಡಾಗ ಪದ್ಧತಿಯಂತೆ ಸಮಿತಿ ಕೂರುತ್ತದೆ. ಮೊದಲ ಸಭೆಯಲ್ಲಿ ಪ್ರಯೋಗಾಲಯದ ವರದಿಯನ್ನು ‘ಮಾದರಿಯೇ ಕಲುಷಿತಗೊಂಡಿರಬಹುದು’ ಎಂದು ಬದಿಗಿಡಲಾಗುತ್ತದೆ. ಎರಡನೆಯ ಸಭೆಯಲ್ಲಿ ಅದೇ ವರದಿ ಮತ್ತೆ ಬಂದಾಗ ‘ಇದು ಅತ್ಯಂತ ಅಪರೂಪದ ಬ್ಯಾಕ್ಟೀರಿಯಾ’ ಎಂದು ಸಮಾಧಾನಪಟ್ಟುಕೊಳ್ಳಲಾಗುತ್ತದೆ. ಮೂರನೆಯದರಲ್ಲಿ, ಫಲಕದ ಅಕ್ಷರಗಳು ಚಿಕ್ಕವಾದವೆಂಬ ಸರ್ವಾನುಮತದ ತೀರ್ಮಾನಕ್ಕೆ ಬರಲಾಗುತ್ತದೆ. ಬಳಿಕ ಸದಸ್ಯರು ಒಬ್ಬೊಬ್ಬರಾಗಿ ಎದ್ದು, ಲೋಟದಲ್ಲಿ ಉಳಿದ ಸಕ್ಕರೆ ಹಾಕಿದ ಕಾಫಿಯನ್ನು ಅದೇ ಸಿಂಕಿಗೆ ಸುರಿದು, ಕೈ ತೊಳೆದುಕೊಂಡು ಹೊರಡುತ್ತಾರೆ.