ಬೋನಸ್ಸಿಗೊಂದು ಬೇಲಿ

ಕಾರಿಗೆ ವಿಮೆ, ಮನೆಗೆ ವಿಮೆ, ಜೀವಕ್ಕೆ ವಿಮೆ; ಇಲ್ಲಿಯವರೆಗೆ ನನ್ನ ಬುದ್ಧಿಗೆ ನಿಲುಕುತ್ತದೆ. ಆದರೆ ವಿಮೆಯನ್ನು ಬಳಸದೇ ಇದ್ದುದಕ್ಕಾಗಿ ಸಿಗುವ ರಿಯಾಯಿತಿಯನ್ನು ಕಾಯುವುದಕ್ಕೂ ಒಂದು ವಿಮೆ ಇದೆ ಎಂದು ತಿಳಿದಾಗ, ಇದನ್ನು ಮೊದಲು ಯೋಚಿಸಿದ ಪುಣ್ಯಾತ್ಮರಿಗೆ ಮನಸ್ಸಿನಲ್ಲೇ ಕೈಮುಗಿದೆ. ಹೊಲಕ್ಕೆ ಬೇಲಿ ಹಾಕುವುದು ಲೋಕರೂಢಿ. ಇವರು ಹೊಲಕ್ಕೆ ಬೇಲಿ ಇದೆಯಲ್ಲ, ಆ ಬೇಲಿಯನ್ನು ಅಗ್ಗಕ್ಕೆ ಕೊಂಡಿರಲ್ಲ, ಆ ಅಗ್ಗಕ್ಕೂ ಒಂದು ಬೇಲಿ ಹಾಕೋಣ ಎನ್ನುತ್ತಾರೆ.

ನವೀಕರಣದ ಕಾಗದದಲ್ಲಿ ಅದು ಕೊನೆಯ ಸಾಲುಗಳ ನಡುವೆ ಎಲ್ಲೋ ಕುಳಿತಿರುತ್ತದೆ: ‘ನೋ ಕ್ಲೇಮ್ ಬೋನಸ್ ರಕ್ಷಣೆ’. ಪಕ್ಕದಲ್ಲಿ ಒಂದು ಚೌಕ. ಗುರುತು ಹಾಕಿದರೆ ಒಟ್ಟು ಮೊತ್ತ ತುಸುವೇ ಏರುತ್ತದೆ. ಎಷ್ಟು ತುಸು ಎಂದರೆ, ಬೇಡ ಎನ್ನಲು ನಾಚಿಕೆಯಾಗುವಷ್ಟು. ಇಷ್ಟು ವರ್ಷ ಒಂದು ಗೀರೂ ಆಗದಂತೆ ಓಡಿಸಿ ಗಳಿಸಿದ್ದನ್ನು ಒಂದೇ ಕ್ಷಣದಲ್ಲಿ ಕಳೆದುಕೊಳ್ಳಲು ಸಿದ್ಧರಿದ್ದೀರಾ ಎಂದು ಆ ಚೌಕ ಕೇಳುತ್ತದೆ. ಯಾರು ಸಿದ್ಧರಿರುತ್ತಾರೆ?

ಆದರೆ ಗಳಿಸಿದ್ದು ನಿಜಕ್ಕೂ ಏನನ್ನು? ‘ನೋ ಕ್ಲೇಮ್’ ಎಂದರೆ ಕ್ಲೇಮ್ ಮಾಡಲಿಲ್ಲ ಎಂದಷ್ಟೇ. ಚೆನ್ನಾಗಿ ಓಡಿಸಿದರು ಎಂದಲ್ಲ. ನಿಲ್ಲಿಸಿದ ಕಾರಿನ ಮೇಲೆ ಮರದ ಕೊಂಬೆ ಬಿದ್ದಾಗ ನೀವು ಹಾಸಿಗೆಯಲ್ಲಿ ಮಲಗಿದ್ದಿರಬಹುದು. ದುರಸ್ತಿಗೆ ಕಂಪನಿಯನ್ನು ಕೇಳಿದಿರೋ, ಅದು ಕ್ಲೇಮ್. ಯಾರೋ ಹಿಂದಿನಿಂದ ಗುದ್ದಿ ಓಡಿಹೋದರೂ, ಹಣ ವಸೂಲು ಮಾಡಲು ಕಂಪನಿಗೆ ಆಸಾಮಿ ಸಿಗದಿದ್ದರೆ, ಎಷ್ಟೋ ಕಡೆ ಅದು ನಿಮ್ಮದೇ ಲೆಕ್ಕಕ್ಕೆ. ಇತ್ತ ದಿನಕ್ಕೊಂದು ಕಂಬಕ್ಕೆ ಕಾರು ಒರೆಸಿಕೊಂಡು, ಒಂದನ್ನೂ ಹೇಳಿಕೊಳ್ಳದೆ ಗ್ಯಾರೇಜಿಗೆ ಕೈಯಿಂದ ಹಣ ಸುರಿಯುವವನು ಬೋನಸ್ಸಿನ ತುತ್ತತುದಿಯಲ್ಲಿ ವಿರಾಜಮಾನನಾಗಿರುತ್ತಾನೆ. ವಿಮಾ ಗಣಿತದ ಪಂಡಿತರು ಈ ಚಪಲವನ್ನು ‘ಬೋನಸ್ ಹಸಿವು’ ಎಂದು ಕರೆದು, ಅದರ ಮೇಲೆ ಸಮೀಕರಣಗಳನ್ನೇ ಬರೆದಿದ್ದಾರೆ.

ಆ ಹಸಿವಿನವರೊಬ್ಬರು ನನ್ನ ಸಹೋದ್ಯೋಗಿಯಾಗಿದ್ದರು. ಅವರ ಕಾರಿನ ಹಿಂಬಂಪರನ್ನು ಒಂದು ಹಗ್ಗ ಹಿಡಿದುಕೊಂಡಿತ್ತು, ಎಡ ಬಾಗಿಲು ಒಳಗಿನಿಂದ ಮಾತ್ರ ತೆರೆಯುತ್ತಿತ್ತು. “ಕ್ಲೇಮ್ ಮಾಡಬಾರದೇ ಸಾರ್?” ಎಂದರೆ, “ಅಯ್ಯೋ, ಐವತ್ತು ಪರ್ಸೆಂಟ್ ಇದೆಯಲ್ಲ ಮಾರಾಯರೇ!” ಎನ್ನುತ್ತಿದ್ದರು. ಕಾರು ಕರಗುತ್ತಿತ್ತು, ಪರ್ಸೆಂಟ್ ಮಾತ್ರ ಅಖಂಡ. ನಗಬೇಡಿ. ಕಾಗದ, ಪೆನ್ನು ಹಿಡಿದು ಕುಳಿತರೆ ಅವರ ಮಾತಿನಲ್ಲಿ ಹುರುಳಿರುವುದು ಕಾಣುತ್ತದೆ.

ಮೆಟ್ಟಿಲು ಹತ್ತುವುದು ಎಲ್ಲ ದೇಶಗಳಲ್ಲೂ ನಿಧಾನವೇ. ಭಾರತದಲ್ಲಿ ಕ್ಲೇಮ್ ಇಲ್ಲದ ಮೊದಲ ವರ್ಷಕ್ಕೆ ಶೇ 20, ಆಮೇಲೆ 25, 35, 45, ಐದು ವರ್ಷ ಕಳೆದರೆ 50. ಮಲೇಷ್ಯಾದಲ್ಲಿ 25ರಿಂದ ಶುರುವಾಗಿ 55ರವರೆಗೆ. ಸಿಂಗಪುರದಲ್ಲಿ ವರ್ಷಕ್ಕೆ ಹತ್ತರಂತೆ 50ರವರೆಗೆ. ಒಂದೊಂದು ದೇಶದ ಸ್ವಭಾವ ತಿಳಿಯುವುದು ಇಳಿಸುವ ರೀತಿಯಲ್ಲಿ. ಭಾರತ, ಮಲೇಷ್ಯಾಗಳಲ್ಲಿ ಒಂದೇ ಕ್ಲೇಮಿಗೆ ಸೀದಾ ಸೊನ್ನೆ. ಸಿಂಗಪುರ 50ರಲ್ಲಿದ್ದವರನ್ನು 20ಕ್ಕೆ ತಂದು ನಿಲ್ಲಿಸುತ್ತದೆ. ಬ್ರಿಟನ್ನಿನಲ್ಲಿ ಕಂಪನಿಗೊಂದು ಪಟ್ಟಿ. ಐದು ವರ್ಷ ಕೂಡಿಟ್ಟವರನ್ನು ಸಾಮಾನ್ಯವಾಗಿ ಎರಡೋ ಮೂರೋ ವರ್ಷದ ಮೆಟ್ಟಿಲಿಗೆ ಇಳಿಸಿ ಬಿಡುತ್ತಾರೆ.

ಸೊನ್ನೆಗೆ ಇಳಿಸುವ ಭಾರತದ ಲೆಕ್ಕವನ್ನೇ ನೋಡೋಣ. ರಿಯಾಯಿತಿ ಇಲ್ಲದ ಪ್ರೀಮಿಯಂ ನೂರು ಎಂದುಕೊಳ್ಳಿ. ನೀವು ತುದಿಯಲ್ಲಿದ್ದೀರಿ, ಐವತ್ತು ಕಟ್ಟುತ್ತೀರಿ. ಒಂದು ಕ್ಲೇಮ್ ಆಯಿತು. ಮರುವರ್ಷ ನೂರು, ಅದರ ಮರುವರ್ಷ 80, ಆಮೇಲೆ 75, 65, 55, ಕೊನೆಗೆ ಮತ್ತೆ ಐವತ್ತು. ಪ್ರತಿವರ್ಷ ಹೆಚ್ಚಾಗಿ ಕಟ್ಟಿದ್ದನ್ನು ಕೂಡಿದರೆ 50, 30, 25, 15, 5: ಒಟ್ಟು 125. ಅಂದರೆ ನೀವು ಈಗ ಕಟ್ಟುತ್ತಿರುವ ಪ್ರೀಮಿಯಂನ ಎರಡೂವರೆ ಪಟ್ಟು. ದುರಸ್ತಿಯ ಬಿಲ್ಲು ಅದಕ್ಕಿಂತ ಕಡಿಮೆ ಇದ್ದರೆ ಕಂಪನಿಯ ಬಾಗಿಲು ತಟ್ಟುವುದೇ ನಷ್ಟ. ಹಗ್ಗ ಕಟ್ಟಿದ ಬಂಪರಿನ ಸಾರ್ ಇದನ್ನು ಬಾಯಿಲೆಕ್ಕದಲ್ಲೇ ಮುಗಿಸಿದ್ದರು.

ಈಗ ಬೇಲಿಯ ಬೆಲೆ. ರಕ್ಷಣೆಗೆಂದು ವರ್ಷಕ್ಕೆ ಐದು ಕೇಳುತ್ತಾರೆ ಎನ್ನೋಣ. ಒಂದು ಕ್ಲೇಮಿನ ಪೆಟ್ಟು 125 ಆದರೆ, ಇಪ್ಪತ್ತೈದು ವರ್ಷಕ್ಕೆ ಒಮ್ಮೆ ಕ್ಲೇಮ್ ಮಾಡಿದರೂ ಅಸಲು ಬರುತ್ತದೆ. ಹತ್ತು ಕೇಳಿದರೆ ಹನ್ನೆರಡೂವರೆ ವರ್ಷ. ಇಷ್ಟಕ್ಕೇ ನಿಲ್ಲಿಸಿದರೆ ಎಲ್ಲರೂ ಓಡಿಹೋಗಿ ಗುರುತು ಹಾಕಬೇಕು. ಪೆಟ್ಟು ಹಗುರವಾಗಿರುವ ಕಡೆ, ಅಂದರೆ ಎರಡೇ ಮೆಟ್ಟಿಲು ಇಳಿಸುವ ಕಡೆ, ಇದೇ ಲೆಕ್ಕ ಎಷ್ಟೋ ಕಳೆಗುಂದುತ್ತದೆ ಎನ್ನುವುದು ಬೇರೆ ಮಾತು.

ಸೊನ್ನೆಗೆ ಇಳಿಸುವ ಕಡೆಯೂ ನನ್ನ 125 ಅಷ್ಟು ಗಟ್ಟಿಯಲ್ಲ. ಭಾರತದಲ್ಲಿ ಈ ರಿಯಾಯಿತಿ ಸ್ವಂತ ಹಾನಿಯ ಭಾಗಕ್ಕೆ, ಅಂದರೆ ನಿಮ್ಮದೇ ಕಾರಿಗಾಗುವ ಹಾನಿಗೆಂದು ಕಟ್ಟುವ ಪಾಲಿಗೆ ಮಾತ್ರ. ಇತರರಿಗಾಗುವ ಹಾನಿಗೆಂದು ಕಾನೂನು ಕಡ್ಡಾಯ ಮಾಡಿರುವ ಥರ್ಡ್ ಪಾರ್ಟಿ ಪ್ರೀಮಿಯಂಗೆ ಅದು ಸೋಂಕುವುದೇ ಇಲ್ಲ. ಆ ಸ್ವಂತ ಹಾನಿಯ ಭಾಗವೂ ಕಾರಿನ ಘೋಷಿತ ಮೌಲ್ಯವನ್ನು, ಅಂದರೆ ಪಾಲಿಸಿಯಲ್ಲಿ ಕಾರಿಗೆ ಕಟ್ಟಿದ ಬೆಲೆಯನ್ನು, ಅವಲಂಬಿಸಿದ್ದು. ಹೊಸ ಕಾರು ಕೊಂಡವರ ಬೋನಸ್ 50 ಮುಟ್ಟುವ ಹೊತ್ತಿಗೆ, ಸವಕಳಿಯ ಪಟ್ಟಿಯ ಪ್ರಕಾರ ಕಾರಿನ ಮೌಲ್ಯವೂ ಅರ್ಧಕ್ಕೆ ಬಂದಿರುತ್ತದೆ. ಶೇಕಡಾವಾರು ಬೆಳೆಯುತ್ತಾ ಹೋಗುತ್ತದೆ, ಅದು ಯಾವುದರ ಶೇಕಡಾ ಎಂಬುದು ಕುಗ್ಗುತ್ತಾ ಬರುತ್ತದೆ. ಹತ್ತು ವರ್ಷದ ಹಳೆಯ ಕಾರಿನ ಐವತ್ತು ಪರ್ಸೆಂಟನ್ನು ಎದೆಗೆ ಅಪ್ಪಿಕೊಂಡಿರುವವರು ಒಮ್ಮೆ ಆ ಮೊತ್ತವನ್ನೂ ನೋಡುವುದು ಒಳ್ಳೆಯದು. ಬೋನಸ್ ಕಾರಿಗೆ ಸೇರಿದ್ದಲ್ಲ, ಮಾಲೀಕರಿಗೆ ಸೇರಿದ್ದು; ಅದನ್ನು ಮುಂದಿನ ಹೊಸ ಕಾರಿಗೆ ಹೊತ್ತೊಯ್ಯಬಹುದು ಎಂಬುದಷ್ಟೇ ಅವರ ಪರವಾಗಿರುವ ಮಾತು. ಪಾಲಿಸಿ ಮುಗಿದು ತೊಂಬತ್ತು ದಿನ ನವೀಕರಿಸದೆ ಮರೆತರೆ ಅದೂ ಹೋಯಿತು. ಮರೆವಿಗೆ ಯಾವ ಬೇಲಿಯೂ ಇಲ್ಲ.

ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ, ಅದನ್ನು ಚೌಕದ ಪಕ್ಕದಲ್ಲಿ ದೊಡ್ಡ ಅಕ್ಷರದಲ್ಲಿ ಬರೆಯುವುದಿಲ್ಲ. ಬೇಲಿ ಕಾಯುವುದು ರಿಯಾಯಿತಿಯ ಶೇಕಡಾವಾರನ್ನು. ನೀವು ಕಟ್ಟುವ ಮೊತ್ತವನ್ನಲ್ಲ. ಕ್ಲೇಮ್ ಆದ ಮೇಲೆ ನಿಮ್ಮ ಐವತ್ತು ಐವತ್ತಾಗಿಯೇ ಉಳಿಯುತ್ತದೆ, ಆದರೆ ನೂರು ಇದ್ದ ಮೂಲ ಪ್ರೀಮಿಯಂ ನೂರಮೂವತ್ತು ಆಗಬಾರದೆಂದು ಯಾರೂ ಬರೆದುಕೊಟ್ಟಿಲ್ಲ. ಆಗ ನೀವು ಕಟ್ಟುವುದು 65. ಕೊಟ್ಟ ಮಾತಿಗೆ ಕಂಪನಿ ಒಂದಿಷ್ಟೂ ತಪ್ಪಿಲ್ಲ ನೋಡಿ. ಬ್ರಿಟನ್ನಿನ ಸ್ಪರ್ಧಾ ಪ್ರಾಧಿಕಾರ ಖಾಸಗಿ ಕಾರು ವಿಮೆಯ ಮಾರುಕಟ್ಟೆಯನ್ನು ತನಿಖೆ ಮಾಡಿದಾಗ ಗ್ರಾಹಕರಿಗೆ ಇದು ಅರ್ಥವಾಗಿಲ್ಲ ಎಂದು ಕಂಡುಕೊಂಡು, ರಕ್ಷಣೆ ಮಾರುವವರು ಇದನ್ನು ಬಾಯಿಬಿಟ್ಟು ಹೇಳಲೇಬೇಕು ಎಂದು 2015ರಲ್ಲಿ ಆದೇಶ ಹೊರಡಿಸಿತು. ಈ ರಕ್ಷಣೆ ಪಾಲಿಸಿಯ ಒಟ್ಟು ಬೆಲೆಯನ್ನು ಕಾಯುವುದಿಲ್ಲ, ಅಪಘಾತದ ನಂತರ ನಿಮ್ಮ ತಪ್ಪಿಲ್ಲದಿದ್ದರೂ ಬೆಲೆ ಏರಬಹುದು ಎಂಬುದು ಅಲ್ಲಿ ಹೇಳಬೇಕಾದ ಮಾತಿನ ಸಾರ. ಮಾರುವವನೇ ತನ್ನ ಸರಕಿನ ಮಿತಿಯನ್ನು ಹೇಳಿ ಮಾರಬೇಕಾದ ಪ್ರಸಂಗ! ಅಷ್ಟು ಕೇಳಿಯೂ ಕೊಳ್ಳುವವರು ಕೊಳ್ಳುತ್ತಾರೆ, ಅದರಲ್ಲಿ ನನಗೆ ಆಶ್ಚರ್ಯವೇನೂ ಇಲ್ಲ.

ಷರತ್ತುಗಳೂ ಇವೆ. ಇಷ್ಟು ಅವಧಿಯಲ್ಲಿ ಇಷ್ಟೇ ಕ್ಲೇಮ್ ಎಂಬ ಮಿತಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಸಿಂಗಪುರದಲ್ಲಂತೂ ಕ್ಲೇಮ್ ಮಾಡಿ ಬೋನಸ್ ಉಳಿಸಿಕೊಂಡವರು ಬೇರೆ ಕಂಪನಿಗೆ ಹೋದರೆ, ಆ ಹೊಸ ಕಂಪನಿ ಹಳೆಯ ಬೇಲಿಯನ್ನು ಮಾನ್ಯ ಮಾಡುವುದಿಲ್ಲ. 20 ಎಂದರೆ 20. ಕಾಯಲು ಹಾಕಿದ ಬೇಲಿ ನಿಮ್ಮನ್ನೇ ಒಳಗಿಟ್ಟು ಬೀಗ ಹಾಕಿದಂತಾಯಿತು. ಅಲ್ಲೇ ಉಳಿದು, ಏರಿದ ಪ್ರೀಮಿಯಂ ಮೇಲೆ ಐವತ್ತು ಪರ್ಸೆಂಟ್ ರಿಯಾಯಿತಿ ಪಡೆಯುತ್ತಾ ಸುಖವಾಗಿರಬಹುದು.

ಈ ವಿಷಯದಲ್ಲಿ ನನಗೆ ಫ್ರಾನ್ಸಿನವರ ಮೇಲೆ ಸ್ವಲ್ಪ ಹೊಟ್ಟೆಕಿಚ್ಚು. ಅಲ್ಲಿ ಲೆಕ್ಕ ಕಂಪನಿಯದಲ್ಲ, ಕಾನೂನಿನದು. ಮೂಲ ಪ್ರೀಮಿಯಂ ಅನ್ನು ಒಂದು ಗುಣಾಂಕದಿಂದ ಗುಣಿಸುತ್ತಾರೆ; ಅಪಘಾತವಿಲ್ಲದ ಪ್ರತಿ ವರ್ಷ ಆ ಗುಣಾಂಕ ಶೇ 5ರಷ್ಟು ಇಳಿಯುತ್ತದೆ, ನಿಮ್ಮ ತಪ್ಪಿನಿಂದಾದ ಅಪಘಾತಕ್ಕೆ ಶೇ 25ರಷ್ಟು ಏರುತ್ತದೆ. ಕಳ್ಳತನ, ಬೆಂಕಿ, ಗಾಜು ಒಡೆದದ್ದು, ನಿಲ್ಲಿಸಿದ ಕಾರಿಗೆ ಯಾರೋ ಅಪರಿಚಿತ ಗುದ್ದಿ ಹೋದದ್ದು, ಇವು ಲೆಕ್ಕಕ್ಕೇ ಇಲ್ಲ. ಅತಿ ಕಡಿಮೆ ಗುಣಾಂಕವಾದ 0.50ನ್ನು ತಲುಪಲು ಹದಿಮೂರು ವರ್ಷ ಬೇಕು ನಿಜ. ಆದರೆ ಆ 0.50ರಲ್ಲಿ ಮೂರು ವರ್ಷ ನಿಂತವರಿಗೆ ಮೊದಲ ಅಪಘಾತ ಮಾಫಿ. ನಮಗೆ ಚೌಕದಲ್ಲಿ ಗುರುತು ಹಾಕಿಸಿ ಮಾರುವುದನ್ನು ಅವರು ಸಭ್ಯ ಚಾಲಕನ ಹಕ್ಕು ಎಂದು ಹಾಗೆಯೇ ಕೊಟ್ಟುಬಿಟ್ಟಿದ್ದಾರೆ.

ಅಂಥ ಕಾನೂನು ನಮ್ಮಲ್ಲಿಗೆ ಬರುವವರೆಗೆ ಏನು ಮಾಡುವುದು? ಬೋನಸ್ ಇಪ್ಪತ್ತರಲ್ಲಿರುವ ಹೊಸಬರು ಈ ಚೌಕವನ್ನು ನೋಡದೆ ಮುಂದೆ ಹೋಗಬಹುದು. ಕಳೆದುಕೊಳ್ಳಲು ಅವರಲ್ಲಿ ಹೆಚ್ಚೇನಿಲ್ಲ. ಹಳೆಯ ಕಾರಿನವರೂ ಅಷ್ಟೇ. ವರ್ಷಕ್ಕೊಂದು ಕಂಪನಿ ಬದಲಿಸಿ ಅಗ್ಗ ಹುಡುಕುವವರಿಗೆ ಇದು ಒಗ್ಗುವುದಿಲ್ಲ. ದುಬಾರಿ ಕಾರು, ತುದಿಯ ಬೋನಸ್, ರಾತ್ರಿಯಿಡೀ ರಸ್ತೆ ಬದಿಯಲ್ಲೇ ನಿಲ್ಲಿಸಬೇಕಾದ ಕರ್ಮ, ಒಂದೇ ಕ್ಲೇಮಿಗೆ ಸೊನ್ನೆಗೆ ಇಳಿಸುವ ನಿಯಮ, ಈ ನಾಲ್ಕೂ ಕೂಡಿದವರು ತೆಗೆದುಕೊಂಡರೆ ದಡ್ಡರೇನಲ್ಲ.

ಮನುಷ್ಯ ಸ್ವಭಾವದ ಕಡೆಯಿಂದ ನೋಡಿದರೆ ನನಗೆ ಇನ್ನೊಂದು ಲಾಭ ಕಾಣುತ್ತದೆ. ಬೋನಸ್ಸು ತುದಿಗೇರಿದವರು ವಿಮೆಗೆ ಪ್ರತಿವರ್ಷ ಹಣ ಕಟ್ಟುತ್ತಾರೆ, ಆದರೆ ಅದನ್ನು ಬಳಸಲು ಹೆದರುತ್ತಾರೆ. ಬಾಗಿಲು ನಜ್ಜುಗುಜ್ಜಾಗಿ ಗ್ಯಾರೇಜಿನ ಅಂಗಳದಲ್ಲಿ ನಿಂತಾಗ, ಅಂದಾಜು ಬಿಲ್ಲನ್ನು ಒಂದು ಕೈಯಲ್ಲೂ ಮುಂದಿನ ಐದು ವರ್ಷದ ಪ್ರೀಮಿಯಂ ಲೆಕ್ಕವನ್ನು ಇನ್ನೊಂದು ಕೈಯಲ್ಲೂ ಹಿಡಿದು ಒದ್ದಾಡುತ್ತಾರೆ. ರಕ್ಷಣೆ ಕೊಂಡವರು ನೇರವಾಗಿ “ಕ್ಲೇಮ್ ಮಾಡಿ” ಎಂದುಬಿಡುತ್ತಾರೆ. ತನ್ನದೇ ಪಾಲಿಸಿಯನ್ನು ಬಳಸಲು ಧೈರ್ಯ ಬರಲೆಂದು ಬೇರೆಯಾಗಿ ಹಣ ಕೊಡುವುದು ವಿಚಿತ್ರವೇ. ಆದರೂ ಆ ಧೈರ್ಯವಿಲ್ಲದೆ ಕಟ್ಟಿದ ಪ್ರೀಮಿಯಂ ಇನ್ನೂ ವಿಚಿತ್ರ ಎಂದು ನನಗೆ ಅನ್ನಿಸುತ್ತದೆ. ನಾನಂತೂ ಈ ಒಂದೇ ಕಾರಣಕ್ಕೆ ಗುರುತು ಹಾಕಿದ್ದೇನೆ.

ಇದುವರೆಗೆ ಕ್ಲೇಮ್ ಮಾಡಿಲ್ಲ. ಈ ಸಲ ಪ್ರೀಮಿಯಂ ಮಾತ್ರ ಏರಿದೆ. ಕಾರಣ ಕೇಳಲು ಫೋನ್ ಮಾಡಿದರೆ, ಆ ಕಡೆಯ ಹುಡುಗಿ ಬಹಳ ವಿನಯದಿಂದ, “ಸಾಮಾನ್ಯ ಏರಿಕೆ ಸರ್, ನಿಮ್ಮ ಬೋನಸ್ಸಿಗೆ ಏನೂ ಆಗಿಲ್ಲ” ಎಂದಳು.