ಸೋಲುವ ಕೊಟೇಶನ್ ಬರೆಯುವ ಕ್ರಮ

ಶಿರಸಿಯ ಅಡಿಕೆ ಟೆಂಡರಿನಲ್ಲಿ ಒಂದೊಂದು ಲಾಟಿಗೂ ವ್ಯಾಪಾರಿಗಳು ದರ ಬರೆದು ಹಾಕುತ್ತಾರೆ. ಹೆಚ್ಚು ಬರೆದವರಿಗೆ ಮಾಲು. ಅಲ್ಲಿ ಬರೆಯುವವರಿಗೆಲ್ಲ ಕೈಕಾಲು ಇರುತ್ತವೆ. ಊರಲ್ಲೇ ಕೂತು ವೆಬ್‌ಸೈಟ್ ಮಾಡಿಕೊಡುವ ಒಂಟಿ ಕಸುಬುದಾರನ ಎದುರಾಳಿಗಳಿಗೆ ಆ ಭಾಗ್ಯವಿಲ್ಲ. ಸಂಸ್ಥೆಯ ಗುಮಾಸ್ತರು ಫೋನು ಮಾಡಿ, "ಹೆಗಡೇರೆ, ಕೆಲ್ಸ ನಿಮ್ಗೇ. ಫೈಲಿಗೆ ಮೂರು ಕೊಟೇಶನ್ ಬೇಕು, ಇನ್ನೆರಡು ನೀವೇ ತಂದ್ಬಿಡಿ" ಎನ್ನುತ್ತಾರೆ. ಸ್ಪರ್ಧೆ ಅಲ್ಲಿಂದ ಶುರು.

ಗೆಲ್ಲುವ ಕೊಟೇಶನ್ ಸುಲಭ. 12 ಪುಟ, ಎರಡು ಸಲ ತಿದ್ದುಪಡಿ, ಒಂದು ವರ್ಷದ ಡೊಮೇನ್ ಮತ್ತು ಹೋಸ್ಟಿಂಗ್, ಶೇ. 40 ಮುಂಗಡ, ದರ 30 ದಿನಕ್ಕೆ ಮಾತ್ರ. 'ಬರಹ ಯುನಿಕೋಡ್‌ನಲ್ಲೇ ಇರಬೇಕು' ಎಂಬ ಸಾಲು ಮರೆತರೆ ಯುನಿಕೋಡ್ ಅಲ್ಲದ ಹಳೇ 'ನುಡಿ' ಫಾಂಟಿನ ಫೈಲುಗಳು ಬಂದು ಬೀಳುತ್ತವೆ. ಬ್ರೌಸರಿನಲ್ಲಿ ಸಂಸ್ಥಾಪಕರ ಹೆಸರು ಮಾಟದ ಅಕ್ಷರದಂತೆ ಕಾಣುತ್ತದೆ. ದರ 60,000, ಶೇ. 18 ಜಿಎಸ್‌ಟಿ 10,800, ಒಟ್ಟು 70,800. ಸಹಿ.

ಕಸುಬು ಇರುವುದು ಸೋಲುವುದರಲ್ಲಿ. ಯಕ್ಷಗಾನದಲ್ಲಿ ಗದಾಯುದ್ಧದ ಕೌರವ ಬೆಳಗಾಗುವುದರೊಳಗೆ ಬೀಳುತ್ತಾನೆಂದು ಗೊತ್ತಿದ್ದರೂ ಚೌಕಿಯಲ್ಲಿ ಅವನಿಗೇನು ಅರ್ಧ ಬಣ್ಣ ಹಚ್ಚುತ್ತಾರೆಯೇ?

ಆದ್ದರಿಂದ 66,000 ಮತ್ತು 72,000 ಎಂದು ಶೇ. 10, ಶೇ. 20 ಏರಿಸಿ ಕೈತೊಳೆದುಕೊಳ್ಳಬಾರದು. ಆಡಿಟರ್ ಬೆರಳಲ್ಲೇ ಎಣಿಸುತ್ತಾರೆ. 67,850 ಮತ್ತು 73,400 ಇರಲಿ. ಸೋಲುವವನೂ ಕೂತು ಲೆಕ್ಕ ಹಾಕಿದಂತೆ ತೋರಬೇಕು. ಮೂರರಲ್ಲೂ 'ನಿರ್ವಹಣೆ' ಎನ್ನುವುದು 'ನಿರ್ವಾಹಣೆ' ಆಗಿದ್ದರೆ ಮೂವರೂ ಒಂದೇ ಮೇಷ್ಟ್ರ ಕೈಯಲ್ಲಿ ಕಲಿತವರು ಎನ್ನಬೇಕಾದೀತು. ಪಿಡಿಎಫ್ ಕಳಿಸುವ ಮೊದಲು ಪ್ರಾಪರ್ಟೀಸ್ ತೆರೆದು ನೋಡಿ. 'ಆಥರ್' ಎಂಬಲ್ಲಿ ಎದುರಾಳಿಯ ಕೊಟೇಶನ್ನಿಗೂ ನಿಮ್ಮದೇ ಹೆಸರಿರುತ್ತದೆ.

ಕಾರವಾರದವರಿಗೆ ಒಂದು ಅನುಕೂಲ: ಕಾಳಿ ಸೇತುವೆ ದಾಟಿ ಮಾಜಾಳಿ ಕಳೆದರೆ ಗೋವಾ. ಕಾಣಕೋಣದ ಕಂಪನಿಯೊಂದನ್ನು ಹುಟ್ಟಿಸಿದರೆ ಸ್ಪರ್ಧೆ ಅಂತರರಾಜ್ಯ ಮಟ್ಟದ್ದಾಗುತ್ತದೆ. ಎಡವುವುದೂ ಇಲ್ಲೇ. ಜಿಎಸ್‌ಟಿ ಸಂಖ್ಯೆಗೆ 15 ಅಕ್ಷರ. ಮೊದಲೆರಡು ರಾಜ್ಯದ ಸಂಕೇತ, ಕರ್ನಾಟಕಕ್ಕೆ 29, ಗೋವಾಕ್ಕೆ 30. ಮುಂದಿನ ಹತ್ತು ಪ್ಯಾನ್. 29ನ್ನು 30 ಮಾಡಿ ಉಳಿದದ್ದನ್ನು ಹಾಗೇ ಬಿಟ್ಟರೆ, ಸೋತವನ ಪ್ಯಾನಿನಲ್ಲಿ ಗೆದ್ದವನೇ ಕೂತಿರುತ್ತಾನೆ. ಮೇಲಿಂದ, ಗೋವಾದವನು ಶೇ. 9 ಮತ್ತು 9 ಎಂದು ಕೇಂದ್ರದ ಸಿಜಿಎಸ್‌ಟಿ, ರಾಜ್ಯದ ಎಸ್‌ಜಿಎಸ್‌ಟಿ ಹಾಕುವಂತಿಲ್ಲ. ರಾಜ್ಯ ದಾಟಿದ ಸೇವೆಗೆ ಶೇ. 18 ಐಜಿಎಸ್‌ಟಿ. ಇಲ್ಲದ ಕಂಪನಿಯೂ ತೆರಿಗೆ ಸರಿಯಾಗಿ ಕಟ್ಟಬೇಕು!

ಮೂರೂ ತಲುಪಿದ ಮೇಲೆ ತುಲನಾತ್ಮಕ ಪಟ್ಟಿ. ಅದನ್ನೂ ನೀವೇ ಟೈಪ್ ಮಾಡಿ ಕಳಿಸಿದರೆ ಗುಮಾಸ್ತರಿಗೆ ಉಪಕಾರ. ಸಮಿತಿ ಅದರ ಕೆಳಗೆ 'ಸ್ಪರ್ಧಾತ್ಮಕ ದರ ಪಡೆಯಲಾಗಿದೆ' ಎಂದು ಬರೆದು ಸಹಿ ಹಾಕುತ್ತದೆ. ಸುಳ್ಳೇನಲ್ಲ, ಮೂರು ರಾತ್ರಿ ನಿಮ್ಮೊಳಗೇ ಸ್ಪರ್ಧೆ ನಡೆದಿದೆ.

ಎರಡನೇ ಲೆಟರ್‌ಹೆಡ್ಡಿಗೆ ಮಾವನ ಮೊಬೈಲ್ ನಂಬರು ಹಾಕಿದವರು ಒಂದು ಮಾತು ಮಾವನ ಕಿವಿಗೂ ಹಾಕಿಡುವುದು ಒಳ್ಳೆಯದು. ಹೊಸ ಕಾರ್ಯದರ್ಶಿ ಪ್ರಾಮಾಣಿಕರಾಗಿಬಿಟ್ಟರೆ ದರ ಇಳಿಸಲು ಮೂವರಿಗೂ ಫೋನು ಮಾಡುತ್ತಾರೆ.

"ಕೊಟೇಶನ್ನೋ? ಹೋಸ್ಟಿಂಗೋ? ಇಲ್ಲಿ ಚಾಲಿ ಅಡಿಕೆ ಸುಲಿಯೋದು ನಡೀತಾ ಇದೆ. ರೇಟು ಕೇಳೋದಾದ್ರೆ ಸಂಜೆ ಮಾಡಿ."